ಹೊಸ್ತಿಲ ಹಾಡಿನ ಮೊದಲ ಸೊಲ್ಲು

ದೀಪ ಆರಿದ್ದು ಫ್ಯಾನಿನ ಗಾಳಿಗೆ. ನನ್ನ ದನಿಗಲ್ಲ. ಮದುಮಗಳ ಮುಖ ಬೆವರುತ್ತದೆ ಎಂದು ವಿಡಿಯೋದವನು ದೊಡ್ಡ ಫ್ಯಾನೊಂದನ್ನು ಎಳೆದು ತಂದು ದೀಪದ ಮಗ್ಗುಲಿಗೇ ನಿಲ್ಲಿಸಿದ್ದ. ಅಲ್ಲಿ ಕೂತವರೆಲ್ಲ ಅದನ್ನು ಕಂಡಿದ್ದಾರೆ. ಕಂಡೂ, ಮುಂಡೆಯ ದನಿ ಬಂತು, ದೀಪ ಆರಿತು ಎಂದು ಹೇಳಿಕೊಂಡು ತಿರುಗಿದರು. ಈಗಲೂ ಹೇಳುವವರಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಫ್ಯಾನು ಯಾವುದು, ದನಿ ಯಾವುದು ಎಂದು ತಿಳಿಯಲು ಅಷ್ಟು ಸಾಕು.

ನನ್ನ ಮಗನ ಮಗಳು ಹಾಡುವವಳು. ಹೊನ್ನಾವರದ ಒಂದು ಆರ್ಕೆಸ್ಟ್ರಾದಲ್ಲಿ ಕೆಲವು ವರ್ಷ ಇದ್ದಳು. ಭಟ್ಕಳದಿಂದ ಕುಮಟೆಯವರೆಗೆ ಗಣಪತಿ ಪೆಂಡಾಲು, ಮದುವೆಯ ರಿಸೆಪ್ಶನ್ನು ಎಂದು ಎಲ್ಲಿ ಕರೆದರೂ ಹೋಗುತ್ತಿದ್ದಳು. ಅಲ್ಲಿ ಸಿನೆಮಾದಲ್ಲಿ ಹೇಗಿದೆಯೋ ಹಾಗೇ ಹಾಡಬೇಕು. ಆ ಗಾಯಕಿ ಎಲ್ಲಿ ಉಸಿರು ತೆಗೆದಳೋ ಇವಳೂ ಅಲ್ಲೇ ತೆಗೆಯಬೇಕು. ಒಂದು ದಿನ ಸಾಕೆಂದು ಬಿಟ್ಟು ಬಂದಳು. ಕುಮಟೆಯಲ್ಲಿ ಒಬ್ಬರು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಗೆ ಸುತ್ತಲೂ ಹಳೇ ಹಾಸಿಗೆ ಕಟ್ಟಿ ರೆಕಾರ್ಡಿಂಗ್ ಮಾಡುತ್ತಾರೆ. ಅಲ್ಲಿ ತಾನೊಬ್ಬಳೇ ನಿಂತು ಹಳೆಯ ಹಾಡುಗಳನ್ನು ತನಗೆ ತೋಚಿದ ಹಾಗೆ, ನಿಧಾನವಾಗಿ ಹಾಡಿ ಒಂದು ಆಲ್ಬಮ್ ಮಾಡಿದಳು. ಬೇರೆಯವರು ಹಾಡಿದ್ದನ್ನು ಮತ್ತೆ ಹಾಡಿದರೆ ಅದಕ್ಕೆ ಕವರ್ ಅನ್ನುತ್ತಾರಂತೆ. ಈಗ ಕ್ಯಾಸೆಟ್ಟು ಗೀಸೆಟ್ಟು ಇಲ್ಲ, ಎಲ್ಲ ಫೋನಿನಲ್ಲೇ ಬರುತ್ತದೆ. ನನಗೆ ಎಲ್ಲ ಹಾಡೂ ಹಿಡಿಸಲಿಲ್ಲ. ಎರಡು ಹಾಡು ನಿದ್ದೆ ಬರಿಸುವ ಹಾಗಿದ್ದವು. ಅವಳಿಗೆ ಹಾಗೇ ಹೇಳಿದೆ.

ಊರಲ್ಲಿ ನಕ್ಕರು. ನಾವು ಅಘನಾಶಿನಿಯವರು, ಹೊಳೆಯ ನೀರು ಇಳಿದಾಗ ಬಳಚು, ಅಂದರೆ ಚಿಪ್ಪುಮೀನು, ಆರಿಸಲು ಹೋಗುವ ಹೆಂಗಸರು ನಾವೆಲ್ಲ. ಅಲ್ಲೇ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಪಕ್ಕದ ಮನೆಯವಳು ಕೇಳಿದಳು:

"ಕಂಡೋರು ಉಂಡೆದ್ದ ಬಾಳೆಲೇಲಿ ಮತ್ತೆ ಉಂಬೂಕೆ ಸ್ಟುಡಿಯೋ ಎಂತಕೆ ಮಾರಾಯ್ತಿ?"

"ನಿನ್ನೆ ನೀ ಮಾಡಿದ ಬಳಚಿನ ಸುಕ್ಕ ನೀನೇ ಕಂಡುಹಿಡ್ದದ್ದಾ?" ಎಂದೆ.

ಅವಳು ಬುಟ್ಟಿ ತೊಳೆದುಕೊಂಡು ಆಚೆ ಹೋದಳು.

ಆಲ್ಬಮ್ಮಿನ ಕೊನೆಯ ಹಾಡು ಮಾತ್ರ ಸಿನೆಮಾದ್ದಲ್ಲ. ಮದುಮಗಳನ್ನು ತವರಿನ ಹೊಸ್ತಿಲು ದಾಟಿಸುವಾಗ ನಮ್ಮವರು ಹಾಡುವ ಹಾಡು. ಅದನ್ನು ನಾನು ಕಲಿತದ್ದು ನನ್ನ ಅತ್ತೆಯಿಂದ. ಅವರು ಅವರ ಅತ್ತೆಯಿಂದ ಕಲಿತರು. ಅದೂ ಕವರೇ ಆಯಿತಲ್ಲ. ನಮ್ಮಲ್ಲಿ ಮದುವೆಯ ಹಾಡನ್ನು ಒಬ್ಬಳೇ ಹಾಡುವ ಕ್ರಮ ಇಲ್ಲ. ಒಬ್ಬಳು ಮೊದಲ ಸೊಲ್ಲು ಎತ್ತಬೇಕು, ಉಳಿದವರು ಅದನ್ನು ಹಿಡಿಯಬೇಕು. ಒಂದು ಕಾಲದಲ್ಲಿ ಎತ್ತುವವಳು ನಾನು, ಹಿಡಿಯುವವಳು ನನ್ನ ನಾದಿನಿ, ಅಂದರೆ ಗಂಡನ ತಂಗಿ. ಬಾಡ, ಕಾಗಾಲ ಎಲ್ಲ ಕಡೆ ನಮ್ಮಿಬ್ಬರನ್ನೂ ಜೋಡಿಯಾಗಿಯೇ ಕರೆಯುತ್ತಿದ್ದರು.

ಆಮೇಲೆ ಗಂಡ ಜ್ವರ ಬಂದು ಸತ್ತ. ವರ್ಷ ಕಳೆದ ಮೇಲೆ ಮನೆತನದಲ್ಲಿ ಒಂದು ಮದುವೆ ಬಂತು. ನಾನು ಅಭ್ಯಾಸಬಲದಿಂದ ಹಾಡುವವರ ಸಾಲಿನಲ್ಲಿ ಹೋಗಿ ಕೂತೆ. ನಾದಿನಿ ಕಣ್ಣಿನಲ್ಲೇ ಅಡುಗೆಮನೆಯ ಕಡೆ ತೋರಿಸಿದಳು. ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಉತ್ತರ ಕೊಡುತ್ತಿದ್ದೆ. ಎದ್ದು ಒಳಗೆ ಹೋಗಿ ಹೆರೆಮಣೆಯ ಮೇಲೆ ಕೂತೆ. ಅಂದಿನಿಂದ ಯಾರ ಮನೆಯ ಮದುವೆಯಾದರೂ ನನ್ನ ಕೆಲಸ ಕಾಯಿ ಹೆರೆಯುವುದು. ಸತ್ತದ್ದು ಗಂಡ. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ.

ಆಲ್ಬಮ್ಮಿಗೆ ಆ ಹಾಡು ಮಾಡುವಾಗ ಮೊಮ್ಮಗಳು, ಮೊದಲ ಸೊಲ್ಲು ನೀನೇ ಎತ್ತಿಕೊಡು ಎಂದಳು. ಹೂಂ ಎಂದೆ. ಸ್ಟುಡಿಯೋದವರು ನಿಂತುಕೊಂಡು ಹಾಡಿ ಅಂದರು. ನಿಂತುಕೊಳ್ಳುವವರು ಭಾಷಣ ಮಾಡುವವರು, ನಾವು ಕೂತು ಹಾಡುವವರು ಅಂದೆ. ಅವರು ಪಾಪ ಮೈಕನ್ನು ನೆಲದವರೆಗೆ ಇಳಿಸಿದರು. ನಾನು ಎತ್ತಿದೆ, ಅವಳು ಹಿಡಿದಳು. ಕೆಲಸ ಮುಗಿಯಿತು. ಬರುವಾಗ ಕುಮಟೆ ಪೇಟೆಯಲ್ಲಿ ಚಾ ಕುಡಿದು ಬಸ್ಸು ಹತ್ತಿದೆವು.

ಸ್ವಲ್ಪ ದಿನಕ್ಕೆ ನಾದಿನಿಯ ಮೊಮ್ಮಗಳ ಮದುವೆ ಬಂತು. ನಾದಿನಿಯ ಮನೆ ಬಾಡದಲ್ಲಿ. ಗಂಡಿನ ಕಡೆಯವರು ಭಟ್ಕಳದವರು. ಇಬ್ಬರಿಗೂ ನಡುವೆ ಆಗಲಿ ಎಂದು ಹೊನ್ನಾವರದಲ್ಲಿ ಹಾಲ್ ಹಿಡಿದಿದ್ದರು. ಮದುವೆಯ ಸಂಜೆಯ ರಿಸೆಪ್ಶನ್ನಿಗೆ ನನ್ನ ಮೊಮ್ಮಗಳೇ ಹಾಡಬೇಕು ಎಂದು ಮದುಮಗಳ ಅಪ್ಪ, ನಾದಿನಿಯ ಮಗ, ಕರೆದ. ಆರ್ಕೆಸ್ಟ್ರಾ ಬಿಟ್ಟ ಮೇಲೆ ಅವಳ ಹೆಸರಿನಲ್ಲೇ ಸಿಕ್ಕಿದ ಮೊದಲ ಕಾರ್ಯಕ್ರಮ ಅದು. ಭಟ್ಕಳದ ಜನ ಕೇಳಿ ಮೆಚ್ಚಿದರೆ ಮುಂದೆ ನಾಲ್ಕು ಕಡೆ ಕರೆಯುತ್ತಾರೆ, ಇಲ್ಲದಿದ್ದರೆ ತಲೆ ತಗ್ಗಿಸಿ ಮತ್ತೆ ಆರ್ಕೆಸ್ಟ್ರಾಕ್ಕೇ ಹೋಗಬೇಕು. ಅವಳು ರಾತ್ರಿ ಹಗಲು ಅಲ್ಲಿ ಹಾಡುವ ಹಾಡುಗಳನ್ನೇ ಗುನುಗುತ್ತಿದ್ದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಬಾಡದ ಮನೆಯಲ್ಲಿ ಅರಿಶಿನ ಹಚ್ಚುವುದು. ನಾದಿನಿಗೆ ಶೀತವಾಗಿ ಗಂಟಲು ಕಟ್ಟಿತ್ತು. ಉಳಿದ ಹೆಂಗಸರೆಲ್ಲ ಬ್ಯಾಂಕು, ಶಾಲೆ, ಪಂಚಾಯತಿ ಎಂದು ದುಡಿಯುವವರು. ಯಾರಿಗೂ ಹಾಡು ಬಾರದು. ಬೆಳಿಗ್ಗೆಯಿಂದ ಸ್ಪೀಕರಿನಲ್ಲಿ ಹಳೇ ಸಿನೆಮಾ ಹಾಡು ಹಾಕಿಕೊಂಡಿದ್ದರು. ಅರಿಶಿನಕ್ಕೆ ಕೂತಾಗ ಯಾರೋ, ನಮ್ಮ ಹುಡುಗಿಯ ಆಲ್ಬಮ್ಮೇ ಇರಲಿ ಎಂದು ಅದನ್ನು ಹಾಕಿದರು. ಒಂದರ ಹಿಂದೆ ಒಂದು ಹಾಡು ಬಂತು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಾನು ಒಳಗೆ ಕಾಯಿ ಹೆರೆಯುತ್ತಿದ್ದೆ. ಕೊನೆಗೆ ನನ್ನ ದನಿ ಬಂತು.

ನಾನೊಂದು ಕಡೆ, ನನ್ನ ದನಿ ಇನ್ನೊಂದು ಕಡೆ. ಹಾಗೆ ಎಂದೂ ಕೇಳಿದ್ದಿಲ್ಲ. ಕಾಯಿಕಡಿ ಕೈಯಲ್ಲೇ ಇತ್ತು. ಅಡ್ಡಿಯಿಲ್ಲ, ಇನ್ನೂ ಏರುತ್ತದೆ ಅಂದುಕೊಂಡೆ.

ಅಷ್ಟರಲ್ಲಿ ಹಾಡು ನಿಂತಿತು. ಇದು ಯಾರ ದನಿ ಎಂದು ನಾದಿನಿ ಕೇಳುತ್ತಿದ್ದಳು. ಆ ದನಿಯ ಪಕ್ಕದಲ್ಲಿ ಅರ್ಧ ಆಯುಷ್ಯ ಕೂತವಳು ಕೇಳುವ ಪ್ರಶ್ನೆಯಾ ಅದು? ಅದೇ ಹೊತ್ತಿಗೆ ಯಾರೋ ಮಣೆಯ ಮುಂದಿನ ದೀಪ ಆರಿದ್ದನ್ನು ನೋಡಿದರು. ಮತ್ತೆ ಕೇಳಬೇಕೇ? ಮುಂಡೆಯ ದನಿ, ಶಾಸ್ತ್ರ ಕೆಟ್ಟಿತು ಎಂದು ಕೂಗಾಟ ಶುರುವಾಯಿತು.

ಒಂದು ಮಾತು ಹೇಳುತ್ತೇನೆ. ಅಲ್ಲಿ ನಿಜವಾದ ತಪ್ಪು ಒಂದು ಆಗಿತ್ತು. ಅದು ಹೊಸ್ತಿಲು ದಾಟಿಸುವ ಹಾಡು. ಅರಿಶಿನಕ್ಕೆ ಅದನ್ನು ಹಾಡುವ ಕ್ರಮವೇ ಇಲ್ಲ; ಹುಡುಗಿ ಮಣೆಯಿಂದ ಏಳುವ ಮೊದಲೇ ಹೊರಗೆ ಕಳಿಸಿದ ಹಾಗೆ. ಶಾಸ್ತ್ರ ಶಾಸ್ತ್ರ ಎಂದು ಕೂಗಿದವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಸಂಜೆ ಹಿತ್ತಿಲಿನ ಬಾವಿಯ ಹತ್ತಿರ ನಾನು ಕೈಕಾಲು ತೊಳೆಯುತ್ತಿದ್ದೆ. ಮೊಮ್ಮಗಳು ಮನೆಗೆ ಹೊರಡಲು ಚೀಲ ಹಿಡಿದು ನಿಂತಿದ್ದಳು. ನಾದಿನಿ ಬಂದಳು. ಬಂದವಳು ಸಿಟ್ಟು ಮಾಡಲಿಲ್ಲ, ಅದನ್ನು ಹೇಳಬೇಕು. ಮಗ ಹಟ ಹಿಡಿದಿದ್ದಾನೆ, ಆ ಹಾಡನ್ನು ಈಗಲೇ ತೆಗೆಸಬೇಕು, ಇಲ್ಲದಿದ್ದರೆ ನಾಳೆಗೆ ಆರ್ಕೆಸ್ಟ್ರಾದವರನ್ನೇ ಕರೆಸುತ್ತಾನೆ ಅಂದಳು. ಪೂರ್ತಿ ಹಾಡನ್ನೇ ತೆಗೆಯುವುದು ಬೇಡ, ಶುರುವಿನಲ್ಲಿ ನನ್ನದು ಇರುವಷ್ಟನ್ನು ಕತ್ತರಿಸಿದರೂ ಆಯಿತಂತೆ.

"ಅತ್ಗೆ, ನಿಂಗೆ ನೋವು ಮಾಡೂಕೆ ಹೇಳೂದಲ್ಲ. ನಾಳೆ ಮುಹೂರ್ತ. ಹುಡ್ಗಿ ಬಾಳ್ವೆ ನೋಡ್ಬೇಕಲ್ಲ."

ಮೊಮ್ಮಗಳು ಫೋನು ಕೈಗೆ ತೆಗೆದುಕೊಂಡಳು. ಸ್ಟುಡಿಯೋದವರಿಗೆ ಹೇಳಿದರೆ ಅಷ್ಟನ್ನು ಮಾತ್ರ ತೆಗೆದು ಹಾಕಲು ಬರುತ್ತದೆ ಎಂದು ಮೆಲ್ಲಗೆ ಅಂದಳು. ನನ್ನ ಮುಖ ನೋಡಿದಳು. ತೆಗೆ ಅಂದಿದ್ದರೆ ತೆಗೆಸುತ್ತಿದ್ದಳು, ಒಳಗೊಳಗೇ ನಿರಾಳವೂ ಆಗುತ್ತಿದ್ದಳು. ಅವಳ ವಯಸ್ಸಿಗೆ ನಾನಾದರೂ ಅಷ್ಟೇ. ಆದರೆ ನನ್ನ ಬಾಯಿಂದ ಆ ಮಾತು ಬರಲಿಲ್ಲ. ನಾದಿನಿಗೇ ಕೇಳಿದೆ:

"ಬೆಳಿಗ್ಗಿಂದ ನಿಮ್ಮ ಪೆಟ್ಗೇಲಿ ಹಾಡ್ತಾ ಇದ್ದವ್ರು ಯಾರು?"

"ಪಿಚ್ಚರದವ್ರು. ಎಂತಕೆ?"

"ಅವ್ರೆಲ್ಲ ಬದ್ಕಿದ್ರಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನೇ ಅಂದೆ:

"ಸತ್ತು ಎಷ್ಟೋ ವರ್ಷ ಆತು. ಸತ್ತೋರ ದನಿ ಮದ್ವೆಮನೆಗೆ ಆಗ್ತದೆ, ಜೀವ ಇದ್ದ ಮುಂಡೆ ದನಿ ಆಗೂದಿಲ್ಲ. ಹಂಗಾದ್ರೆ ನಂದು ಸತ್ ಮೇಲೆ ಹಾಕ್ತ್ರಾ?"

ನಾದಿನಿ ಬಾವಿಕಟ್ಟೆ ಹಿಡಿದುಕೊಂಡು ನಿಂತಳು. ನಗು ಬಂತೋ ಸಿಟ್ಟು ಬಂತೋ, ಆ ಕಟ್ಟಿದ ಗಂಟಲಿನಲ್ಲಿ ಗೊತ್ತಾಗಲಿಲ್ಲ.

"ನಿನ್ ಬಾಯಿಗೆ ಬೀಗ ಮಾಡೂ ಆಚಾರಿ ಇನ್ನೂ ಹುಟ್ಲಿಲ್ಲ" ಅಂದಳು.

ಮೊಮ್ಮಗಳು ಫೋನನ್ನು ಚೀಲಕ್ಕೆ ಹಾಕಿದಳು. "ಸಣ್ಣಜ್ಜಿ, ಅಜ್ಜಿ ಎತ್ತಿದ್ದನ್ನ ನಾ ಹಿಡ್ದದ್ದು. ಅದನ್ನೇ ತೆಗ್ದ್ರೆ ನಾ ಹಿಡಿಯೂದು ಎಂತದನ್ನ? ಆರ್ಕೆಸ್ಟ್ರಾದವ್ರನ್ನೇ ಕರೀಲಿ, ಆತು" ಎಂದಳು. ಹೇಳಿ ಚೀಲ ಹೆಗಲಿಗೇರಿಸಿದಳು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು. ಅಳಲಿ ಎಂದು ಬಿಟ್ಟೆ. ಕೈಗೆ ಬಂದ ಕಾರ್ಯಕ್ರಮ ಹೋಯಿತು, ಅಳದೆ ಏನು ಮಾಡುತ್ತಾಳೆ? ಇಳಿಯುವಾಗ, ನಾಳೆ ಮದುವೆಗೆ ಹೋಗುವುದೋ ಬೇಡವೋ ಎಂದು ಕೇಳಿದಳು. ಮನೆಗೆ ಬಂದು ಕರೆದು ಹೋಗಿದ್ದಾರೆ, ಬರಬೇಡಿ ಎಂದು ಯಾರೂ ಹೇಳಿಲ್ಲ, ಹೋಗುವುದೇ ಅಂದೆ.

ಬೆಳಿಗ್ಗೆ ಎದ್ದು ಮಿಂದೆ. ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟೆ. ಮೊದಲ ಬಸ್ಸಿಗೆ ಮೊಮ್ಮಗಳನ್ನು ಕರೆದುಕೊಂಡು ಬಾಡಕ್ಕೆ ಹೋದೆ. ದಿಬ್ಬಣದ ಬಸ್ಸು ರಸ್ತೆಯಲ್ಲಿ ನಿಂತಿತ್ತು. ಮದುಮಗಳನ್ನು ಒಳಗಿನಿಂದ ಕರೆತಂದು ಹೊಸ್ತಿಲ ಒಳಗೆ ನಿಲ್ಲಿಸಿದ್ದರು. ಹೆಂಗಸರು ಅತ್ತ ಇತ್ತ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬಳು ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ನಾದಿನಿ ಬಾಯಿ ತೆರೆದಳು. ಬರೀ ಗಾಳಿ ಬಂತು. ಅಡುಗೆಮನೆಯ ಬಾಗಿಲು ಹಿತ್ತಿಲ ಕಡೆ. ನಾನು ಆ ಕಡೆ ಹೋಗಲಿಲ್ಲ. ಅಂಗಳ ದಾಟಿ ಎದುರಿನ ಮೆಟ್ಟಿಲಿಗೇ ಹೋದೆ, ಎಲ್ಲರೂ ನೋಡುತ್ತಿರುವಂತೆಯೇ ಅಲ್ಲಿ ಕೂತೆ, ಮೊದಲ ಸೊಲ್ಲು ಎತ್ತಿದೆ. ನಾದಿನಿಯ ಮಗ ಎರಡು ಹೆಜ್ಜೆ ಮುಂದೆ ಬಂದ. ನಾದಿನಿ ಅವನ ತೋಳು ಹಿಡಿದು ನಿಲ್ಲಿಸಿದಳು. ನನ್ನ ಹಿಂದಿನಿಂದ ಮೊಮ್ಮಗಳು ಸೊಲ್ಲು ಹಿಡಿದಳು. ಮದುಮಗಳು ಹೊಸ್ತಿಲು ದಾಟಿದಳು. ಹಾಡು ಇನ್ನೂ ಬಾಕಿ ಇತ್ತು. ನಾನು ಎರಡನೆಯ ಸೊಲ್ಲು ಎತ್ತಿದೆ.