ಒಲೆ ಹಚ್ಚದ ಮೂರು ದಿನ

ನರ್ಸ್ ಕೆಲಸಕ್ಕೆಂದು ಸವಣೂರಿನ ಬಾಡಿಗೆ ಮನೆಗೆ ಬಂದ ದಿನವೇ ಪಕ್ಕದ ಮನೆಯ ಹಾಜರಾಬಿ ಹೇಳದೆ ಕೇಳದೆ ಒಳಗೆ ಬಂದು, ನನ್ನ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಇಷ್ಟ ಅನ್ನ ಉಂಡು ಹೆಂಗ ಜೀವ ಹಿಡೀತೀರಿ, ಬಾಯಾರ?" ಎಂದಳು. ಮೈಸೂರಿನ ನಮ್ಮ ಮಡಿಯ ಮನೆಯವರೇ, ಇದನ್ನು ಓದಿ ನೀವು ಮೂಗಿನ ಮೇಲೆ ಬೆರಳಿಟ್ಟೀರಿ. ನಾನೂ ಕಕ್ಕಾಬಿಕ್ಕಿಯಾದೆ. ನರ್ಸಮ್ಮನನ್ನು ಇಲ್ಲಿ ಬಾಯಾರು ಎನ್ನುತ್ತಾರೆ. ಜ್ವರಕ್ಕೂ ಅವಳೇ ಬೇಕು, ಗಂಡಹೆಂಡಿರ ಜಗಳಕ್ಕೂ.

ಎಪ್ಪತ್ತರ ದಶಕ ಅದು. ಬೇಸಿಗೆಯಲ್ಲಿ ಕಾಲರಾ ಬಂತು. ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಸೂಜಿ ಚುಚ್ಚಿ, ಓಣಿ ಓಣಿ ತಿರುಗಿ ಸಾರಿದೆ: ಬೇರೆ ಮನೆಯ ಅಡುಗೆ ತರಬೇಡಿ, ಉಣ್ಣಬೇಡಿ, ಗುಂಪು ಕೂರಬೇಡಿ. ಮೈಸೂರಿನಲ್ಲಿ ನನ್ನ ಮಾತನ್ನು ನಮ್ಮನೆ ಬೆಕ್ಕೂ ಕೇಳುತ್ತಿರಲಿಲ್ಲ. ಇಲ್ಲಿ ಓಣಿಗೆ ಓಣಿಯೇ ಕೇಳಿತು. ನನಗೆ ಜಂಬ ಬಂತು.

ಆ ವಾರವೇ ಹಾಜರಾಬಿಯ ಒಬ್ಬಳೇ ಮಗಳು ಕಾಲರಾಕ್ಕೆ ಹೋದಳು. ಗಂಡ ಮೊದಲೇ ಇಲ್ಲ. ಸಾವಾದ ಮನೆಯಲ್ಲಿ ಇವರು ಮೂರು ದಿನ ಒಲೆ ಹಚ್ಚುವುದಿಲ್ಲ. ಓಣಿಯವರೇ ಅಡುಗೆ ತಂದು, ಪಕ್ಕದಲ್ಲಿ ಕುಳಿತು, ಒತ್ತಾಯ ಮಾಡಿ ಉಣಿಸುತ್ತಾರೆ. ನನಗದು ಗೊತ್ತಿರಲಿಲ್ಲ. ನನ್ನ ಮಾತಿಗೆ ಹೆದರಿ ಯಾರೂ ಹೋಗಲಿಲ್ಲ. ರೋಗಿಗಳ ನಡುವೆ ಬಿಡುವಾಗಿ ನಾಲ್ಕನೇ ದಿನ ನಾನು ಹೋದಾಗ ಅವಳು ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ಇರಾಕ ಮನಸಿಲ್ರಿ, ಬಾಯಾರ."

ನಮ್ಮ ಸೋದರಮಾವ ತಾನಾಗಿ ಜೀವ ಕಳೆದುಕೊಂಡಾಗ ಮನೆಯವರೆಲ್ಲ ಜ್ವರ ಎಂದೆವು. ಇಂದಿಗೂ ಅದು ಜ್ವರವೇ. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾದೀತೇ? ತಿಳಿಯಲಿಲ್ಲ. ಆದರೂ ಕೇಳಿದೆ: "ಸಾಯಬೇಕು ಅನ್ನಿಸ್ತಿದ್ಯಾ, ಹಾಜರಾಬಿ?"

"ಹೂಂರಿ." ಆಗ ಅತ್ತಳು. "ಯಾರ ಮುಂದೂ ಹೇಳಬ್ಯಾಡ್ರಿ. ತಲಿ ಕೆಟ್ಟೈತಿ, ಧಾರವಾಡಕ್ಕ ಕಳಸ್ರಿ ಅಂತಾರ." ಇಲ್ಲಿಯ ಜನ ಹುಚ್ಚಾಸ್ಪತ್ರೆಯ ಹೆಸರು ಹೇಳುವುದಿಲ್ಲ, ಧಾರವಾಡ ಎಂದಷ್ಟೇ ಅನ್ನುತ್ತಾರೆ.

ಹೇಳಿದರೆ ಅವಳ ಮಾನ, ಹೇಳದಿದ್ದರೆ ಅವಳ ಜೀವ. ಒಬ್ಬರಿಗಾದರೂ ಹೇಳಲೇ ಎಂದು ಅಂಗಲಾಚಿದೆ. ಕೊನೆಗೆ, "ಎದುರಮನಿ ಶಾಂತವ್ವಗ ಅಷ್ಟ ಹೇಳ್ರಿ," ಎಂದಳು.

ಶಾಂತವ್ವ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ನೀವ ಬ್ಯಾಡ ಅಂದ್ರಿ ಅಂತ ನಾವು ಹೊಸ್ತಲಾ ದಾಟ್ಲಿಲ್ಲ. ಇದೆಂಥಾ ಶಾಣ್ಯಾತನರಿ ನಿಮ್ದು!" ಬೇಯಿಸಿದ ಅಡುಗೆಯ ಬದಲು ಬರಿಯ ಜೋಳದ ಹಿಟ್ಟು ತಂದು, ಹಾಜರಾಬಿಯ ಒಲೆಯನ್ನೇ ಹಚ್ಚಿ, ನೀರು ಕುದಿಸಿ, ಅಲ್ಲೇ ರೊಟ್ಟಿ ಬಡಿದಳು. ಸಾವಿನ ಮನೆ ಎಂದಷ್ಟೇ ಹೇಳಿ ಓಣಿಯವರನ್ನು ಕರೆದಳು. ಅಂದಿನಿಂದ ಹಾಜರಾಬಿಯನ್ನು ಒಂಟಿಯಾಗಿ ಬಿಡದೆ ಪಾಳಿಯ ಮೇಲೆ ಒಬ್ಬೊಬ್ಬರು ಜೊತೆಗಿದ್ದರು. ಅವಳನ್ನು ಒಪ್ಪಿಸಿ ಡಾಕ್ಟರರಿಗೂ ತೋರಿಸಿದೆ.

ನನ್ನ ಆಜ್ಞೆ ಎಷ್ಟು ಜನರನ್ನು ಉಳಿಸಿತೋ ಗೊತ್ತಿಲ್ಲ. ಇವಳನ್ನಂತೂ ಕೊಲ್ಲುವುದರಲ್ಲಿತ್ತು. ಎರಡೂ ನಿಜವಾದರೆ ನಾನು ಮಾಡಿದ್ದು ಸರಿಯೋ ತಪ್ಪೋ, ಇಂದಿಗೂ ಬಗೆಹರಿದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹಾಜರಾಬಿ ಓಡಾಡತೊಡಗಿದಳು. ಒಂದು ಮಧ್ಯಾಹ್ನ ನಾನು ಮೊರದಲ್ಲಿ ಅಕ್ಕಿ ಹರವಿಕೊಂಡು, ಆರಿಸದೆ ಸುಮ್ಮನೆ ಕುಳಿತಿದ್ದೆ. ಬಂದು ನೋಡಿ ಕೇಳಿದಳು: "ನಿಮ್ಮ ಬಾಜೂಕ ಯಾರ ಕುಂಡರ್ತಾರ್ರಿ, ಬಾಯಾರ?"

ಮೈಸೂರಿನಲ್ಲಿ ನನ್ನವರು ಅಂತ ನೀವೆಲ್ಲ ಇದ್ದೀರಿ. ಒಬ್ಬರೂ ಇದನ್ನು ಕೇಳಿಲ್ಲ. ಇಲ್ಲಿ ನನ್ನವರು ಅಂತ ಯಾರೂ ಇಲ್ಲ. ಮೊರವನ್ನು ಆಚೆ ಸರಿಸಿದೆ. ಅವಳು ನನ್ನ ಪಕ್ಕದಲ್ಲಿ ಕುಳಿತಳು.