ಪರ್ಷಿಯಾಕ್ಕೆ ಹೊರಟ ಅರಬ್ಬಿ ಚೀಟಿ

ಗೆಳೆಯರೇ, ಇವತ್ತು ನನ್ನ ತಲೆ ಕೆಟ್ಟುಹೋಗಿದೆ. ಪಾರಸಿ ಬಲ್ಲವರು ಬೇಕೆಂದು ಮೊಳಕಾಲ್ಮೂರಿನ ರೇಷ್ಮೆ ಸಾಹುಕಾರರು ಹೇಳಿಕಳಿಸಿದ್ದಕ್ಕೆ ಚಳ್ಳಕೆರೆಯಿಂದ ಗಾಡಿ ಕಟ್ಟಿಸಿಕೊಂಡು ಹೋಗಿದ್ದೆ. ಅವರ ಸರಕು ಬೊಂಬಾಯಿಯಿಂದ ಹಡಗು ಹತ್ತಿ ಪರ್ಷಿಯಾಕ್ಕೆ ಹೋಗಬೇಕು. ಈ ರೇಷ್ಮೆಯನ್ನು ತಣ್ಣೀರಿನಲ್ಲಿ ಮಾತ್ರ ಒಗೆಯಿರಿ, ನೆರಳಿನಲ್ಲಿ ಒಣಗಿಸಿ ಎಂದು ಸರಕಿಗೆ ಅಂಟಿಸುವ ಚೀಟಿಯನ್ನು ಪಾರಸಿಯಲ್ಲಿ ಬರೆದುಕೊಟ್ಟೆ.

ಸಾಹುಕಾರರು ಅದನ್ನು ಹಿಂದೆ ಬಸ್ರಾ ಗಿರಾಕಿಗಳಿಗೆಂದು ಛಾಪಿಸಿದ್ದ ಅರಬ್ಬಿ ಚೀಟಿಯ ಪಕ್ಕದಲ್ಲಿ ಹಿಡಿದು ನೋಡಿದರು. "ಅಕ್ಷರ ಎಲ್ಲಾ ಒಂದೇ ಐತಲ್ರೀ. ಹಳೇ ಚೀಟಿ ರಾಶಿ ಬಿದ್ದಾವೆ, ಇವನ್ನೇ ಅಂಟಿಸ್ತೀನಿ."

ನನಗೆ ಉರಿದುಹೋಯಿತು. "ಅಕ್ಷರ ಒಂದೇ ಥರ ಇದ್ರೆ ಭಾಷೆನೂ ಒಂದೇ ಆಗ್ತೈತಾ ಸಾಹುಕಾರ್ರೇ? ಕನ್ನಡ, ತೆಲುಗು ಅಕ್ಷರಾನೂ ಹಂಗೇ ಅಲ್ವಾ?"

"ನಾನೂ ಅದನ್ನೇ ಹೇಳ್ತಿರೋದು. ನಮ್ಮೂರಾಗೆ ಎಲ್ರಿಗೂ ಎರಡೂ ಬರ್ತಾವೆ. ಅವ್ರಿಗೆ ಬರಲ್ವಾ?"

ಬಿಸಿನೀರು ತಾಕಿದರೆ ಬಣ್ಣ ಬಿಡುವ ಬಟ್ಟೆ, ನೇಕಾರರ ತಿಂಗಳುಗಟ್ಟಲೆ ದುಡಿಮೆ. ನನ್ನ ಕಣ್ಣೆದುರೇ ಅರಬ್ಬಿ ಚೀಟಿ ಅಂಟಿಸಿ ಮೂಟೆ ಹೊಲಿಸಿಬಿಟ್ಟರು.

ಪರ್ಷಿಯಾದ ಆ ಗಿರಾಕಿ, ಚೀಟಿ ಓದದೆಯೇ ಈ ರೇಷ್ಮೆ ಒಗೆಯಲು ಬಲ್ಲ, ಮೊಳಕಾಲ್ಮೂರಿನಲ್ಲೇ ಹುಟ್ಟಿ ಬೆಳೆದವನಾಗಿರಲಿ ಎಂದು ನೀವೂ ಜಟಿಂಗ ರಾಮೇಶ್ವರನಿಗೆ ಒಂದು ಹರಕೆ ಹೊತ್ತುಕೊಳ್ಳಿ.