ಹಂಗೇರಿಯ ವೈನ್ ಮತ್ತು ನನ್ನ ಮುಚ್ಚಳದ ಲೋಟ

ವೈನ್ ರುಚಿ ನೋಡುವ ದಿನ ನಾನು ಮನೆಯಿಂದ ಮುಚ್ಚಳವಿರುವ ಒಂದು ಸ್ಟೀಲ್ ಲೋಟ ಒಯ್ಯುತ್ತಿದ್ದೆ. ಅದು ಉಗುಳುವುದಕ್ಕೆ. ಶೋಳಿಂಗನಲ್ಲೂರಿನ ಒಂದು ಹೋಟೆಲಿನ ಖರೀದಿ ವಿಭಾಗದವಳು ನಾನು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ, ಅಪ್ಪ ಮಂಡ್ಯದಲ್ಲಿ ಬೆಲ್ಲದ ವ್ಯಾಪಾರಿ. ಈ ಕೆಲಸ ಒಪ್ಪಿಕೊಂಡಾಗ ಅಮ್ಮನಿಗೆ ಮಾತು ಕೊಟ್ಟಿದ್ದೆ: ಬಾಯಿಗೆ ಹಾಕುತ್ತೇನೆ, ಒಂದು ಹನಿಯನ್ನೂ ಗಂಟಲಿಗೆ ಇಳಿಸುವುದಿಲ್ಲ. ಆರು ವರ್ಷ ಇಳಿಸಿರಲಿಲ್ಲ. ರುಚಿ ನೋಡಿ ಉಗುಳುವುದೇ ಆ ಕಸುಬಿನ ಪದ್ಧತಿಯೂ ಆಗಿರುವುದರಿಂದ ನನ್ನ ಮಾತಿಗೂ ಕೆಲಸಕ್ಕೂ ಜಗಳವಿರಲಿಲ್ಲ.

ಜಗಳವಿದ್ದದ್ದು ನನಗೂ ನಮ್ಮ ಮ್ಯಾನೇಜರಿಗೂ. ಅವರದು ಪೆರಂಬೂರಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡ ಮನೆ. ಅರ್ಧ ತಮಿಳಾದ ಅವರ ಕನ್ನಡದ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲ ತಿಳಿದವರಂತೆ ಹುಬ್ಬೇರಿಸುವ ಆ ಮುಖ ಕಂಡರೆ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಮೊದಮೊದಲು ಮೇಜಿನ ಮೇಲೆ ಉಗುಳಲು ಒಂದು ಬಕೆಟ್ ಇಡುತ್ತಿದ್ದರು. ಯಾರೂ ಮುಟ್ಟಲಿಲ್ಲ. ನಾಲ್ಕು ಜನರ ಎದುರು, ಅದರಲ್ಲೂ ಹಿರಿಯರ ಎದುರು, ಬಾಯಲ್ಲಿದ್ದದ್ದನ್ನು ಉಗುಳುವುದುಂಟೇ? ಅದೂ ಎಲ್ಲರ ಎಂಜಲು ಒಂದೇ ಬಕೆಟ್ಟಿಗೆ! ಮ್ಯಾನೇಜರೂ ಮುಖ್ಯ ಅಡುಗೆಯವರೂ ಮರ್ಯಾದಸ್ಥರು, ನುಂಗಿಬಿಡುತ್ತಿದ್ದರು. ಕೊನೆಗೆ ಬಕೆಟ್ ಇಡುವುದೇ ನಿಂತುಹೋಯಿತು. ಬೆನ್ನು ತಿರುಗಿಸಿ ಲೋಟಕ್ಕೆ ಉಗುಳುವವಳು ನಾನೊಬ್ಬಳೇ. ಅವರಿಬ್ಬರು ಕೊಡುವ ಅಂಕಗಳು ಮೊದಲ ವೈನ್‌ನಿಂದ ಕೊನೆಯ ವೈನ್‌ವರೆಗೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತಿದ್ದವು. ಏಕೆಂದು ಕೇಳಬೇಕೇ?

ಹಂಗೇರಿಯ ವೈನ್ ತಂದ ಆಮದುದಾರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಆರು ಬಾಟಲಿ ಸಾಲಾಗಿ ಇಟ್ಟ. ಮೊದಲಿನ ಬಿಳಿ ವೈನ್‌ಗಳು ನಿಜಕ್ಕೂ ಒಳ್ಳೆಯವು. ಒಂದರಲ್ಲಿ ಎಳೆ ಮಾವಿನಕಾಯಿಯ ಹುಳಿಯಿತ್ತು. ಕೆಂಪು ವೈನ್ ಒರಟು, ಆದರೆ ಕೇಳಿದ ಬೆಲೆಗೆ ಮೋಸವಿಲ್ಲ. ಕೊನೆಯದು ಟೊಕಾಯ್, ಅವರ ದೇಶದ ಹೆಮ್ಮೆಯ ಸಿಹಿ ವೈನ್. ದ್ರಾಕ್ಷಿ ಬಳ್ಳಿಯಲ್ಲೇ ಬೂಷ್ಟು ಹಿಡಿದು ಒಣಗಿದ ಮೇಲೆ ಮಾಡುವಂಥದ್ದು. ಜೇನಿನಷ್ಟು ಸಿಹಿಯ ಕೆಳಗೆ ನಿಂಬೆಯಂಥ ಚುರುಕು ಇರಬೇಕು. ಆ ಚುರುಕಿಗೇ ಆ ಬೆಲೆ.

ಬಾಯಿಗೆ ಹಾಕಿದ ಕೂಡಲೇ ನನಗೆ ಅಪ್ಪನ ಅಂಗಡಿ ನೆನಪಾಯಿತು. ಕೊಪ್ಪರಿಗೆಯ ತಳ ಹಿಡಿದ ಪಾಕದ ಬೆಲ್ಲವನ್ನು ಅಪ್ಪ ಮೂಸಿಯೇ ಪಕ್ಕಕ್ಕೆ ತಳ್ಳುತ್ತಿದ್ದರು. ಇದೂ ಅದೇ ವಾಸನೆ. ಹುಳಿ ಸತ್ತು, ಬರೀ ಸೀದ ಸಿಹಿ.

"ಇದನ್ನ ಎಲ್ಲಿ ಇಟ್ಟಿದ್ರಿ?" ಎಂದು ಆಮದುದಾರನನ್ನು ಕೇಳಿದೆ.

"ತಿರುವೊಟ್ಟಿಯೂರು ಗೋಡೌನ್ ಮೇಡಂ. ಏನ್ ಮ್ಯಾಟರ್?"

"ತಗಡಿನ ಸೂರಾ? ಬೇಸಿಗೆಯೆಲ್ಲಾ ಅಲ್ಲೇ ಇತ್ತಾ?"

ಅವನು ಮ್ಯಾನೇಜರರ ಮುಖ ನೋಡಿದ. ಅವರು ಆಗಲೇ ಕೆಂಪಗಾಗಿದ್ದರು. "ಏನಮ್ಮಾ ಇದು, ಸುಮ್ನೆ ಸೀನ್ ಹಾಕ್ತೀಯಾ? ಆರು ವರ್ಷದಲ್ಲಿ ಒಂದು ವಾಯಿ ನುಂಗಿಲ್ಲ, ನಿನಗೆ ವೈನ್ ಬೆಲೆ ಎಪ್ಪಡಿ ಗೊತ್ತಾಗತ್ತೆ? ನುಂಗಿ ನೋಡು, ಆಮೇಲೆ ಮಾತಾಡು."

ಅಡುಗೆಯವರು ಕಿಸಕ್ಕೆಂದರು. ಅಂಕಪಟ್ಟಿಯಲ್ಲಿ ಅವರಿಬ್ಬರ ಅಂಕ, ಸಹಿ ಆಗಿತ್ತು. ನನ್ನ ಖಾನೆಯಲ್ಲೂ ಮ್ಯಾನೇಜರ್ ತಾವೇ ಇಪ್ಪತ್ತಕ್ಕೆ ಹದಿನೆಂಟು ಬರೆದು ಹಾಳೆಯನ್ನು ನನ್ನತ್ತ ತಳ್ಳಿದರು. "ನುಂಗು, ಸೈನ್ ಹಾಕು. ಅವ್ಳೋದಾನ್, ಅಷ್ಟೇ."

ನನ್ನ ನಾಲಿಗೆಯ ತೀರ್ಪಿಗೆ ಬೆಲೆ ಬರಬೇಕಾದರೆ ಅಮ್ಮನಿಗೆ ಕೊಟ್ಟ ಮಾತು ಹೋಗಬೇಕು. ಇದು ಅವರ ಲೆಕ್ಕ. ಅಷ್ಟು ಕೋಪ ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ಗ್ಲಾಸ್ ಎತ್ತಿ ಬಾಯಿ ತುಂಬಿಸಿಕೊಂಡೆ. ಮೂವರೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಬೆನ್ನು ತಿರುಗಿಸಲಿಲ್ಲ, ಲೋಟವನ್ನೂ ಹುಡುಕಲಿಲ್ಲ. ಅವರ ಸಹಿಗಳ ಮೇಲೆಯೇ, ಆ ಹದಿನೆಂಟರ ಮೇಲೆಯೇ ಅಷ್ಟನ್ನೂ ಉಗುಳಿದೆ.

ಕುರ್ಚಿಗಳು ಹಿಂದಕ್ಕೆ ಸರಿದ ಸದ್ದು. ಹಾಳೆ ಮೇಜಿನ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತ ಬಿದ್ದಿತ್ತು. ಅದು ಅಂದೇ ಸಂಜೆ ಮಾಲೀಕರ ಕೈ ಸೇರಬೇಕಿತ್ತು, ಆದರೆ ನನ್ನ ಎಂಜಲನ್ನು ಮುಟ್ಟುವವರು ಯಾರು? ಕೊನೆಗೆ ನಾನೇ ಮಡಚಿ ಕಸದ ಬುಟ್ಟಿಗೆ ಹಾಕಿ ಮನೆಗೆ ಹೋದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಾಲೀಕರೇ ಬಂದು ಕೂತಿದ್ದರು. ಕುಡಿತವೆಂದರೆ ಮಾರುದೂರ ಇರುವ ವೃದ್ಧರು. ನನ್ನನ್ನು ತೆಗೆಸಲೆಂದು ಮ್ಯಾನೇಜರೇ ಅವರನ್ನು ಕರೆಸಿದ್ದರು. ಏನು ಹೇಳುತ್ತೀಯೆಂದು ಮಾಲೀಕರು ಕೇಳಿದರು. "ಹೊಸ ಹಾಳೆ ಹೇಗೂ ಬೇಕಲ್ಲ ಸಾರ್, ನಿಮ್ಮ ಮುಂದೆಯೇ ಮತ್ತೆ ನೋಡೋಣ. ಈ ಸಲ ಕೊನೆಯ ಬಾಟಲಿಯಿಂದ ಶುರು ಮಾಡೋಣ," ಎಂದೆ. ಅವರು ತಲೆಯಾಡಿಸಿದರು. ಆಮದುದಾರ ಬಿಟ್ಟುಹೋಗಿದ್ದ ಪೆಟ್ಟಿಗೆಯಿಂದ ಟೊಕಾಯ್‌ನ ಹೊಸ ಬಾಟಲಿ ನಾನೇ ಎತ್ತಿಕೊಟ್ಟೆ.

ಮ್ಯಾನೇಜರ್ ಹುಬ್ಬೇರಿಸಿ ಒಂದು ದೊಡ್ಡ ಗುಟುಕು ಬಾಯಿಗೆ ತೆಗೆದುಕೊಂಡರು. ಹಿಂದೆ ಐದು ವೈನ್‌ಗಳ ಅಮಲಿಲ್ಲ, ಬೆಳಗಿನ ತಿಳಿ ಬಾಯಿ. ಹುಬ್ಬು ಇಳಿಯಿತು. ಕೆನ್ನೆ ಉಬ್ಬಿಕೊಂಡೇ ಇತ್ತು, ಗಂಟಲು ಅಲುಗಲಿಲ್ಲ. ಕಣ್ಣು ಬಕೆಟ್ ಹುಡುಕಿತು. ಬಕೆಟ್ ಎಲ್ಲಿದೆ? ಎದುರಿಗೆ ಮಾಲೀಕರು. ಮೇಜಿನ ಮೇಲೆ ನನ್ನ ಸ್ಟೀಲ್ ಲೋಟವೊಂದೇ ಬಾಯಿ ತೆರೆದು ಕೂತಿತ್ತು.

"ಎಪ್ಪಡಿ ಇರುಕ್ಕು?" ಹೇಗಿದೆಯೆಂದು ಮಾಲೀಕರು ಕೇಳಿದರು.

ಮ್ಯಾನೇಜರ್ ಲೋಟವನ್ನು ನೋಡಿದರು, ಆಮೇಲೆ ನನ್ನನ್ನು. ಅಂಥ ಯಾಚನೆಯನ್ನು ಆ ಕಣ್ಣುಗಳಲ್ಲಿ ನಾನೆಂದೂ ಕಂಡಿರಲಿಲ್ಲ.

ನಾನು ಲೋಟವನ್ನು ನನ್ನತ್ತ ಎಳೆದುಕೊಂಡು ಮುಚ್ಚಳ ಹಾಕಿದೆ.